ಕಾಂಪೋಸ್ಟ್ ನಾರುತ್ತಿದೆಯಾ, ಹುಳ ಬಿದ್ದಿದೆಯಾ, ಕೊಳೆಯದೆ ಕೂತಿದೆಯಾ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಕಾಂಪೋಸ್ಟ್ ರಾಶಿ ಕೈಕೊಟ್ಟಾಗ ಹೆಚ್ಚಿನವರು ಮೊದಲು ಅಂಗಡಿಗೆ ಹೋಗಿ ಯಾವುದಾದರೂ ಪುಡಿ ತರುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಎಷ್ಟೋ ಸಲ ಅದರ ಅಗತ್ಯವೇ ಬೀಳುವುದಿಲ್ಲ. ಅಡುಗೆಮನೆಯ ಹಸಿ ಕಸ, ತೋಟದ ಸೊಪ್ಪುಸದೆ ಹಾಕುವ ಮನೆ ರಾಶಿಯಲ್ಲಿ ಬರುವ ತೊಂದರೆಗಳಿಗೆ ಸಾಮಾನ್ಯವಾಗಿ ಮೂರೇ ಕಾರಣ. ನೀರು ಹೆಚ್ಚುಕಡಿಮೆ ಆಗಿರುತ್ತದೆ, ಗಾಳಿ ಸಾಲದೆ ಇರುತ್ತದೆ, ಇಲ್ಲವೇ ಹಸಿ ಕಸಕ್ಕೆ ತಕ್ಕಷ್ಟು ಒಣ ಕಸ ಬಿದ್ದಿರುವುದಿಲ್ಲ. ಮೂರನೆಯದನ್ನು ಸರಿಮಾಡಿದರೆ ಮೊದಲಿನ ಎರಡೂ ಅರ್ಧ ಸರಿಹೋದ ಹಾಗೆ. ಹಾಗಾಗಿ ಮುಂದೆ ಪದೇ ಪದೇ ಒಣ ಎಲೆಯ ಮಾತೇ ಬರುತ್ತದೆ, ಬೇಜಾರು ಮಾಡ್ಕೋಬೇಡಿ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನಾಲ್ಕೈದು ದಿನ ಕಾಯಿರಿ. ನೀರು ಹಾಕಿ, ತಿರುವಿ, ಬೆಲ್ಲದ ನೀರು ಸುರಿದು, ಸುಣ್ಣವನ್ನೂ ಎರಚಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅನ್ನೋದು ಗೊತ್ತೇ ಆಗುವುದಿಲ್ಲ.

ಯಾವ ಲಕ್ಷಣವೇ ಇರಲಿ, ಮೊದಲು ಇಷ್ಟು ನೋಡಿ

ಮೇಲಿನಿಂದ ನೋಡಿದರೆ ರಾಶಿಯ ನಿಜ ಸ್ಥಿತಿ ತಿಳಿಯುವುದಿಲ್ಲ. ಮೇಲ್ಪದರ ಬಿಸಿಲು ಗಾಳಿಗೆ ಒಣಗಿರುತ್ತದೆ, ಒಳಗೆ ಕೆಸರೇ ಇರಬಹುದು. ಕೈಗೆ ಗ್ಲೌಸ್ ಹಾಕಿಕೊಂಡು, ಮೊದಲು ಉದ್ದ ಕೋಲಿನಿಂದ ರಾಶಿಯನ್ನು ಒಂದೆರಡು ಕಡೆ ತಿವಿದು ಅಲುಗಾಡಿಸಿ. ಬೆಚ್ಚಗಿನ ರಾಶಿಯಲ್ಲಿ ಹಾವು, ಚೇಳು ಸೇರಿಕೊಳ್ಳುವುದುಂಟು. ಆಮೇಲೆ ಸಲಿಕೆಯಿಂದ ಒಂದು ಮೊಳ ಆಳಕ್ಕೆ ಬಗೆಯಿರಿ.

ಒಳಗಿನಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಜೋರಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿ ಅಲ್ಲೇ ನಿಂತು, ಮುಷ್ಟಿ ಬಿಚ್ಚಿದಾಗ ಉಂಡೆ ಹಾಗೇ ಉಳಿದು, ಬೆರಳಿಂದ ತಟ್ಟಿದರೆ ಒಡೆದರೆ ನೀರು ಸರಿಯಾಗಿದೆ. ಹನಿ ಒಂದರ ಹಿಂದೆ ಒಂದು ತೊಟ್ಟಿಕ್ಕಿ ಮಣಿಕಟ್ಟಿನವರೆಗೆ ಹರಿದರೆ ನೀರು ಜಾಸ್ತಿ. ಮುಷ್ಟಿ ಬಿಚ್ಚಿದ ಕೂಡಲೇ ಪುಡಿಯಾಗಿ ಉದುರಿ ಗ್ಲೌಸ್ ಒಣಗೇ ಉಳಿದರೆ ನೀರು ಕಡಿಮೆ. ಚೆನ್ನಾಗಿ ಕೆಲಸ ಮಾಡುವ ರಾಶಿಯ ತೂಕದಲ್ಲಿ ಶೇಕಡ 50ರಿಂದ 60 ನೀರೇ ಇರುತ್ತದೆ. ಶೇಕಡ 40ಕ್ಕಿಂತ ಇಳಿದರೆ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗುತ್ತದೆ. ಇದಕ್ಕೆ ಮೀಟರ್ ಬೇಡ, ಮುಷ್ಟಿ ಸಾಕು.

ಎರಡನೆಯದು ವಾಸನೆ. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆ ಗೊತ್ತಲ್ವಾ? ರಾಶಿಯಿಂದ ಅದೇ ಬರುತ್ತಿದ್ದರೆ ಒಳಗೆ ಎಲ್ಲ ಚೆನ್ನಾಗಿದೆ. ಎರಡಕ್ಕೂ ಕಾರಣ ಒಂದೇ: ಮಣ್ಣಿನ ಕೆಲವು ಬ್ಯಾಕ್ಟೀರಿಯಾ ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು.

ಮೂರನೆಯದು ಬಿಸಿ. ಒಂದು ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ, 10 ನಿಮಿಷ ಬಿಟ್ಟು ಎಳೆದು, ತುದಿಯನ್ನು ಹುಷಾರಾಗಿ ಮುಟ್ಟಿ. ಹಿಡಿದುಕೊಳ್ಳಲು ಆಗದಷ್ಟು ಸುಟ್ಟರೆ ರಾಶಿ ಜೋರಾಗಿ ಕೆಲಸ ಮಾಡುತ್ತಿದೆ. ಬೆಚ್ಚಗಿದ್ದರೆ ಸಾಧಾರಣ. ತಣ್ಣಗಿದ್ದರೆ ಕೆಲಸ ನಿಂತಿದೆ, ಇಲ್ಲವೇ ಮುಗಿದಿದೆ.

ಕೊನೆಯದಾಗಿ, ಕಳೆದ ಎರಡು ವಾರದಲ್ಲಿ ಏನೇನು ಹಾಕಿದಿರಿ ಅಂತ ನೆನಪು ಮಾಡಿಕೊಳ್ಳಿ. ಹುಲ್ಲು ಕತ್ತರಿಸಿ ಒಂದೇ ದಿನ ಎಲ್ಲ ಸುರಿದಿರಾ? ನೆಂಟರು ಬಂದಾಗ ಉಳಿದ ಅಡುಗೆ ಹಾಕಿದಿರಾ? ಅರ್ಧ ದೋಷ ಈ ಪ್ರಶ್ನೆಯಲ್ಲೇ ಸಿಕ್ಕಿಬಿಡುತ್ತದೆ.

ಲಕ್ಷಣ: ಕೊಳೆತ ಮೊಟ್ಟೆಯ ನಾತ, ಹುಳಿ ನಾತ, ಚರಂಡಿ ವಾಸನೆ

ಎಲ್ಲರೂ ಹೇಳುವ ದೂರು ಇದೇ. ಅರ್ಥವೂ ಸರಳ: ಒಳಗೆ ಗಾಳಿ ಇಲ್ಲ. ಆಮ್ಲಜನಕ ಸಿಕ್ಕರೆ ಒಂದು ಬಗೆಯ ಸೂಕ್ಷ್ಮಜೀವಿಗಳು ಕಸವನ್ನು ಗೊಬ್ಬರ ಮಾಡುತ್ತವೆ. ಸಿಗದಿದ್ದರೆ ಅವು ಹಿಂದೆ ಸರಿದು ಗಾಳಿ ಬೇಡದ ಜೀವಿಗಳು ಮೇಲುಗೈ ಪಡೆಯುತ್ತವೆ. ಈ ಎರಡನೆಯವು ಬಿಡುವ ಹೈಡ್ರೋಜನ್ ಸಲ್ಫೈಡ್, ಹುಳಿ ಆಮ್ಲಗಳೇ ಆ ನಾತ. ಗಾಳಿ ಇಲ್ಲದಿರಲು ಸಾಮಾನ್ಯ ಕಾರಣ ನೀರು. ಕಸದ ಸಂದುಗೊಂದಿನಲ್ಲಿ ಗಾಳಿ ಇರಬೇಕಾದ ಜಾಗವನ್ನು ನೀರು ತುಂಬಿಕೊಂಡಿರುತ್ತದೆ.

ಮೊದಲು ಮುಷ್ಟಿ ಪರೀಕ್ಷೆ ಮಾಡಿ. ನೀರು ಹರಿದರೆ ಮೇಲಿನ ಮುಚ್ಚಳ ನೋಡಿ. ಮಳೆ ನೀರು ನೇರ ಬೀಳುತ್ತಿದೆಯಾ? ಹಾಗಿದ್ದರೆ ಮಳೆ ನಿಲ್ಲುವ ತನಕ ಮೇಲೊಂದು ಹಾಳೆ ಹೊದಿಸಿ, ಪಕ್ಕದಲ್ಲಿ ಗಾಳಿಯಾಡಲು ಬಿಡಿ. ಡ್ರಮ್ ಅಥವಾ ಬಕೆಟ್ ಆದರೆ ತಳದ ತೂತುಗಳನ್ನು ಕಡ್ಡಿಯಿಂದ ಚುಚ್ಚಿ ನೋಡಿ. ಒದ್ದೆ ಸಿಪ್ಪೆ ಮೆತ್ತಿಕೊಂಡು ಅವು ಮುಚ್ಚಿಹೋಗಿರುವುದು ತುಂಬಾ ಸಾಮಾನ್ಯ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ನೀರು ಸರಿಯಾಗಿದ್ದೂ ನಾತ ಬರುತ್ತಿದ್ದರೆ ಎಲ್ಲೋ ಒಂದು ಕಡೆ ಗಂಟು ಕಟ್ಟಿದೆ ಎಂದರ್ಥ. ಬಗೆಯುತ್ತಾ ಹೋಗಿ. ಕತ್ತರಿಸಿದ ಹಸಿ ಹುಲ್ಲನ್ನು ದಪ್ಪಕ್ಕೆ ಸುರಿದಿದ್ದರೆ ಸಲಿಕೆಗೆ ಒಂದು ಪದರ ಸಿಗುತ್ತದೆ. ಮೇಲೆ ಹಸಿರು ಮಾಸಿದ ಬಣ್ಣ, ಕೆಳಗೆ ಕಪ್ಪು, ಮುಟ್ಟಿದರೆ ಲೋಳೆ, ಎತ್ತಿದರೆ ಹಾಳೆ ಹಾಳೆಯಾಗಿ ಏಳುತ್ತದೆ. ಕೆಳಗಿನ ಕಸಕ್ಕೆ ಅದು ಒದ್ದೆ ಕಂಬಳಿ ಹೊದಿಸಿದ ಹಾಗೆ, ಉಸಿರು ಕಟ್ಟಿಸುತ್ತದೆ. ಆ ಹಾಳೆಯನ್ನು ಹರಿದು ಚೂರು ಮಾಡಿ ಒಣ ಎಲೆಯ ಜೊತೆ ಕಲಸಿ. ಮುಂದೆ ಹುಲ್ಲು ಹಾಕುವಾಗ ಎರಡು ಬೆರಳಿಗಿಂತ ದಪ್ಪ ಬೇಡ, ಅಥವಾ ಒಂದು ದಿನ ಬಿಸಿಲಿಗೆ ಹರಡಿ ಬಾಡಿಸಿ ಹಾಕಿ.

ಬೇಯಿಸಿದ ಅಡುಗೆಯೂ ಹೀಗೇ ಮುದ್ದೆ ಕಟ್ಟುತ್ತದೆ. ಎಣ್ಣೆ ಇದ್ದರೆ ಇನ್ನೂ ಕಷ್ಟ. ಎಣ್ಣೆ ಕಸದ ಮೇಲೆ ಪೊರೆಯಾಗಿ ಕೂತು ನೀರನ್ನೂ ಗಾಳಿಯನ್ನೂ ತಡೆಯುತ್ತದೆ.

ಸರಿಮಾಡುವ ಕ್ರಮ ಹೀಗಿದೆ. ರಾಶಿಯನ್ನು ಪಕ್ಕಕ್ಕೆ ಎಳೆದು ಬಿಚ್ಚಿ. ತಳಕ್ಕೆ ಬೆರಳು ದಪ್ಪದ ಕಡ್ಡಿಗಳನ್ನು ಅಡ್ಡಾದಿಡ್ಡಿ ಹಾಸಿ, ಕೆಳಗಿನಿಂದ ಗಾಳಿ ಬರಲು ದಾರಿಯಾಗುತ್ತದೆ. ಅದರ ಮೇಲೆ ಕಸವನ್ನು ಒಣ ಎಲೆ ಅಥವಾ ಹರಿದ ರಟ್ಟಿನ ಜೊತೆ ಕಲಸುತ್ತಾ ಮತ್ತೆ ಗುಡ್ಡೆ ಮಾಡಿ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಒಣ ಕಸ ಅಂದಾಜು. ತುಂಬಾ ಒದ್ದೆ ಇದ್ದರೆ ಮೂರು. ಬಿಚ್ಚುವ ದಿನ ನಾತ ಮೊದಲಿಗಿಂತ ಜಾಸ್ತಿಯೇ ಬರುತ್ತದೆ. ಹೆದರಬೇಡಿ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಅಕ್ಕಪಕ್ಕದ ಮನೆ ಹತ್ತಿರ ಇದ್ದರೆ ಗಾಳಿ ಅವರ ಕಡೆ ಬೀಸದ ಹೊತ್ತು ನೋಡಿಕೊಂಡು ಮಾಡಿ.

ಸುಣ್ಣ ಹಾಕಿದರೆ ನಾತ ಹೋಗುತ್ತದೆ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಸುಣ್ಣದಿಂದ ರಾಶಿಗೆ ಗಾಳಿ ಸಿಗುವುದಿಲ್ಲ. ಮೇಲಾಗಿ ಅದು ಕ್ಷಾರ ಹೆಚ್ಚಿಸಿ ಸಾರಜನಕವನ್ನು ಗಾಳಿಗೆ ಕಳೆದುಬಿಡುತ್ತದೆ. ಒಂದು ನಾತ ಹೋಗಿ ಇನ್ನೊಂದು ಬರುತ್ತದೆ ಅಷ್ಟೇ. ಆ ಇನ್ನೊಂದರ ಮಾತು ಮುಂದಿದೆ.

ಲಕ್ಷಣ: ಮೂಗಿಗೆ ಹೊಡೆಯುವ ಘಾಟು, ಕಣ್ಣುರಿ

ಇದು ಅಮೋನಿಯಾ. ನಾತಕ್ಕೂ ಇದಕ್ಕೂ ವ್ಯತ್ಯಾಸ ಮೂಗಿಗೆ ತಕ್ಷಣ ಗೊತ್ತಾಗುತ್ತದೆ: ನಾತಕ್ಕೆ ವಾಕರಿಕೆ ಬಂದರೆ, ಘಾಟಿಗೆ ಮೂಗು ಚುರುಗುಟ್ಟುತ್ತದೆ. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು 25ರಿಂದ 30 ಪಾಲು ಇಂಗಾಲ ಬೇಕು. ತರಕಾರಿ ಸಿಪ್ಪೆ, ಹಸಿ ಹುಲ್ಲಿನಲ್ಲಿ ಈ ಲೆಕ್ಕ 15ರಿಂದ 20ರ ಆಸುಪಾಸು, ಅಂದರೆ ಇಂಗಾಲ ಸಾಲದು. ಒಣ ಎಲೆಯಲ್ಲಿ 40ರಿಂದ 80. ಮರದ ಹೊಟ್ಟಿನಲ್ಲಿ ನೂರಾರು. ಇಂಗಾಲ ಸಾಲದೆ ಹೋದರೆ ಬಳಕೆಯಾಗದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಗಿಡಕ್ಕೆ ಹೋಗಬೇಕಾದ ಗೊಬ್ಬರವೇ ಹೀಗೆ ನಿಮ್ಮ ಮೂಗಿನೊಳಗೆ ಹೋಗುತ್ತಿದೆ.

ಮೊದಲು ಕೇಳಿಕೊಳ್ಳಬೇಕಾದ್ದು: ಬೂದಿ ಅಥವಾ ಸುಣ್ಣ ಹಾಕಿದಿರಾ? ಹಾಕಿದ್ದರೆ ನಿಲ್ಲಿಸಿ. ಹಾಕಿಲ್ಲ ಅಂದರೆ ಹಸಿ ಹುಲ್ಲು, ಕೋಳಿ ಗೊಬ್ಬರ ಜಾಸ್ತಿಯಾಗಿರಬೇಕು. ಎರಡಕ್ಕೂ ಮದ್ದು ಒಣ ಎಲೆ, ಹರಿದ ಕಾಗದ, ಸ್ವಲ್ಪ ಮರದ ಹೊಟ್ಟು ಸೇರಿಸಿ ತಿರುವಿಹಾಕುವುದು. ಹೊಳಪಿನ ಕಾಗದ, ಅಂಗಡಿಯ ಬಿಲ್ಲಿನ ನುಣುಪು ಕಾಗದ ಬೇಡ. ಪ್ಲೈವುಡ್ ಅಥವಾ ಔಷಧಿ ಹೊಡೆದ ಮರದ ಹೊಟ್ಟೂ ಬೇಡ, ಅದರಲ್ಲಿ ಅಂಟು, ಲೋಹದ ವಿಷ ಇರಬಹುದು. ಘಾಟು ಜೋರಾಗಿದ್ದರೆ ಗಾಳಿ ಬರುವ ದಿಕ್ಕಿಗೆ ನಿಂತು ಕೆಲಸ ಮಾಡಿ, ರಾಶಿಯ ಮೇಲೆ ಮುಖ ಬಗ್ಗಿಸಬೇಡಿ.

ಲಕ್ಷಣ: ತಿಂಗಳಾದರೂ ಹಾಕಿದ ಹಾಗೇ ಇದೆ, ಬಿಸಿಯೇ ಆಗುವುದಿಲ್ಲ

ನಾತವಿಲ್ಲ, ಹುಳವಿಲ್ಲ, ಆದರೆ ಏನೂ ಆಗುತ್ತಿಲ್ಲ. ಇಂಥ ರಾಶಿಗೆ ಕಾರಣ ಹುಡುಕುವಾಗ ಈ ಕ್ರಮದಲ್ಲಿ ಹೋಗಿ.

ನೀರು. ಒಳಗೆ ಒಣಗಿದ್ದರೆ ಮೇಲಿನಿಂದ ಒಂದು ಬಕೆಟ್ ಸುರಿದರೆ ಪ್ರಯೋಜನವಿಲ್ಲ. ಒಣಗಿದ ಎಲೆಯ ಮೇಲೆ ನೀರು ಜಾರಿ ಬದಿಯಿಂದ ಇಳಿದುಹೋಗುತ್ತದೆ. ರಾಶಿಯನ್ನು ಬಿಚ್ಚಿ ಪದರ ಪದರವಾಗಿ ಚಿಮುಕಿಸುತ್ತಾ ಮತ್ತೆ ಗುಡ್ಡೆ ಹಾಕಬೇಕು. ಇರುವೆ ಗೂಡು ಕಟ್ಟಿದ್ದರೆ ರಾಶಿ ಒಣಗಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಗಾತ್ರ. ರಾಶಿ ಬಿಸಿಯಾಗಬೇಕಾದರೆ ಉದ್ದ, ಅಗಲ, ಎತ್ತರ ಮೂರೂ ಸುಮಾರು 1 ಮೀಟರ್ ಬೇಕು. ಅದಕ್ಕಿಂತ ಚಿಕ್ಕದಾದರೆ ಒಳಗೆ ಹುಟ್ಟಿದ ಬಿಸಿ ಅಲ್ಲೇ ನಿಲ್ಲದೆ ಹೊರಗೆ ಹೋಗುತ್ತದೆ. ಬಕೆಟ್ಟಿನಲ್ಲಿ ಮಾಡುವವರು ರಾಶಿ ಬಿಸಿಯಾಗಲಿಲ್ಲ ಎಂದು ಕೊರಗುವುದು ಬೇಡ. ಅದು ದೋಷವೇ ಅಲ್ಲ. ತಣ್ಣಗಿನ ರಾಶಿಯೂ ಗೊಬ್ಬರ ಆಗುತ್ತದೆ. ಆದರೆ ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಒಂದೇ ವ್ಯತ್ಯಾಸ ನೆನಪಿಡಿ: ಕಳೆ ಬೀಜ, ರೋಗ ಬಂದ ಗಿಡದ ಭಾಗ ತಣ್ಣಗಿನ ರಾಶಿಯಲ್ಲಿ ಸಾಯುವುದಿಲ್ಲ. ಅವಕ್ಕೆ 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ದಿನಗಟ್ಟಲೆ ಬೇಕು, ಹೊರಬದಿಯ ಕಸವೂ ಒಂದು ಸಲ ನಡುವಿಗೆ ಬರಬೇಕು.

ಹಸಿ ಕಸ. ಬರೀ ಒಣ ಎಲೆ, ಕಡ್ಡಿ, ರಟ್ಟು ತುಂಬಿದ್ದರೆ ಸಾರಜನಕ ಸಾಲದು. ತರಕಾರಿ ಸಿಪ್ಪೆ, ಹಸಿ ಹುಲ್ಲು, ಕಾಫಿ ಚರಟ, ದನದ ಸಗಣಿ ಯಾವುದಾದರೂ ಸರಿ. ಕಾಫಿ ಚರಟ ನೋಡಲು ಕಂದು ಬಣ್ಣ, ಲೆಕ್ಕಕ್ಕೆ ಮಾತ್ರ ಹಸಿ ಕಸವೇ. ಹಾಕಿ ಕಲಸಿದ ಎರಡು ಮೂರು ದಿನದಲ್ಲಿ ಸರಳು ಬೆಚ್ಚಗಾದರೆ ಕಾರಣ ಸಿಕ್ಕಿತು.

ತುಂಡಿನ ಗಾತ್ರ. ಇಡೀ ಎಲೆಕೋಸು, ತೆಂಗಿನ ಚಿಪ್ಪು, ಕೈ ದಪ್ಪದ ಕೊಂಬೆ ಹಾಕಿ ಕಾಯುತ್ತಾ ಕೂತರೆ ಆಗುವುದಿಲ್ಲ. ಸಿಪ್ಪೆಯನ್ನು ಎರಡು ಮೂರು ಬೆರಳಗಲಕ್ಕೆ ಕತ್ತರಿಸಿದರೆ ಸಾಕು. ಮಿಕ್ಸಿಗೆ ಹಾಕಿ ರುಬ್ಬುವವರೂ ಇದ್ದಾರೆ. ಅದು ಅತಿಯಾಯಿತು, ರುಬ್ಬಿದ ಕಸ ಕೆಸರಾಗಿ ಕೂತು ಮತ್ತೆ ನಾತಕ್ಕೇ ದಾರಿ.

ಗಾಳಿ. ರಾಶಿ ಮೊದಲು ಬಿಸಿಯಾಗಿ ಆಮೇಲೆ ತಣ್ಣಗಾಗಿದ್ದರೆ ಒಮ್ಮೆ ತಿರುವಿಹಾಕಿ. ಒಂದೆರಡು ದಿನದಲ್ಲಿ ಮತ್ತೆ ಬಿಸಿ ಏರಿದರೆ ಗಾಳಿ ಸಾಲದೆ ನಿಂತಿತ್ತು ಅಂತ. ಏರದಿದ್ದರೆ ಮುಷ್ಟಿ ಪರೀಕ್ಷೆಗೆ ವಾಪಸ್ ಹೋಗಿ. ನೀರೂ ಸರಿ, ಹಸಿ ಕಸವೂ ಸರಿ, ಕಸದ ಗುರುತೇ ಸಿಗದೆ ಎಲ್ಲ ಕಪ್ಪು ಪುಡಿಯಾಗಿದೆ ಅಂದರೆ ರಾಶಿ ಕೆಟ್ಟಿಲ್ಲ, ಕೆಲಸ ಮುಗಿಸಿದೆ.

ಇಷ್ಟೆಲ್ಲ ಆದ ಮೇಲೂ ಪುಡಿ, ಕಲ್ಚರ್ ಕೊಳ್ಳಬೇಕು ಅನ್ನಿಸಿದರೆ, ಮೊದಲು ಹಳೇ ಕಾಂಪೋಸ್ಟ್ ಅಥವಾ ತೋಟದ ಮಣ್ಣು ಒಂದೆರಡು ಹಿಡಿ ಎರಚಿ ನೋಡಿ. ಬೇಕಾದ ಜೀವಿಗಳು ಸಿಪ್ಪೆಯ ಮೇಲೆ, ಎಲೆಯ ಮೇಲೆ ಆಗಲೇ ಇವೆ. ಅವಕ್ಕೆ ಜಾಗ ಸರಿಯಿಲ್ಲದಿದ್ದರೆ ಕೊಂಡು ತಂದವೂ ಅಲ್ಲಿ ಬದುಕುವುದಿಲ್ಲ.

ಲಕ್ಷಣ: ವಿಪರೀತ ಬಿಸಿ, ಹೊಗೆಯಂಥದ್ದು ಏಳುತ್ತಿದೆ

ಬೆಳಗಿನ ತಂಪಿನಲ್ಲಿ ಬಗೆದಾಗ ಏಳುವುದು ಸಾಮಾನ್ಯವಾಗಿ ಆವಿ. ಒದ್ದೆ ಮಣ್ಣಿನ ವಾಸನೆ ಇರುತ್ತದೆ, ಕ್ಷಣದಲ್ಲಿ ಮಾಯವಾಗುತ್ತದೆ. ಥರ್ಮಾಮೀಟರ್ ಇದ್ದು ಅದು 65 ಡಿಗ್ರಿ ದಾಟಿದರೆ ಒಳ್ಳೆಯ ಜೀವಿಗಳೂ ಸಾಯತೊಡಗುತ್ತವೆ. ರಾಶಿಯನ್ನು ಬಿಚ್ಚಿ, ನೀರು ಚಿಮುಕಿಸಿ, ಸ್ವಲ್ಪ ತಗ್ಗಿಸಿ ಕಟ್ಟಿ.

ಸುಟ್ಟ ವಾಸನೆ ಬಂದರೆ ವಿಷಯ ಬೇರೆ. ಮನೆ ಅಳತೆಯ ರಾಶಿ ತಾನಾಗಿ ಹೊತ್ತಿಕೊಳ್ಳುವುದು ಅಪರೂಪ. ಆರಿದೆ ಅಂದುಕೊಂಡು ಹಾಕಿದ ಬೂದಿಯಲ್ಲಿ ಉಳಿದ ಕೆಂಡದ ಮೇಲೇ ಮೊದಲ ಅನುಮಾನ ಇರಲಿ. ಹೊಗೆ ಕಂಡರೆ ಬಗೆಯಬೇಡಿ, ಗಾಳಿ ಸಿಕ್ಕಿ ಬೆಂಕಿ ಏಳಬಹುದು. ದೂರ ನಿಂತು ಪೈಪಿನಿಂದ ನೀರು ಹಾಯಿಸಿ. ಬೇಗ ಹತೋಟಿಗೆ ಬರದಿದ್ದರೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ಲಕ್ಷಣ: ನೊಣ, ಹುಳ

ಮುಚ್ಚಳ ತೆಗೆದಾಗ ಒಳಗೆ ಏನೋ ಮಿಜಿಮಿಜಿ ಅಂದರೆ ಅಸಹ್ಯ ಆಗುತ್ತದೆ ನಿಜ. ಆದರೆ ಕೀಟನಾಶಕದ ಡಬ್ಬಿ ಹುಡುಕುವ ಮೊದಲು ಆ ಹುಳ ಯಾವುದು ಅಂತ ಗುರುತಿಸಿ. ಹೆಚ್ಚಿನವು ನಿಮ್ಮ ಕೆಲಸವನ್ನೇ ಮಾಡುತ್ತಿವೆ.

ಮುಚ್ಚಳ ತೆಗೆದ ಕೂಡಲೇ ಪುಸಕ್ಕನೆ ಏಳುವ ಚಿಕ್ಕ ಚಿಕ್ಕ ಗುಂಗುರುಗಳು ಹಣ್ಣಿನ ನೊಣ. ಹಣ್ಣಿನ ಸಿಪ್ಪೆಯ ಮೇಲೆ ಮೊದಲೇ ಮೊಟ್ಟೆ ಇರುತ್ತದೆ, ನೀವೇ ತಂದು ಒಳಗೆ ಬಿಡುತ್ತೀರಿ. ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ವಾರ ಹತ್ತು ದಿನದಲ್ಲಿ ಮೊಟ್ಟೆ ನೊಣವಾಗುತ್ತದೆ. ಮದ್ದು ಇಷ್ಟೇ: ಹಸಿ ಕಸವನ್ನು ಮೇಲೆ ಸುರಿದು ಬಿಡಬೇಡಿ. ನಡುವೆ ಗುಳಿ ಮಾಡಿ ಹಾಕಿ, ಒಂದು ಗೇಣಿನಷ್ಟು ಒಣ ಎಲೆಯಿಂದ ಮುಚ್ಚಿ. ಅಡುಗೆಮನೆಯ ಕಸದ ಡಬ್ಬಿಯನ್ನು ದಿನಾ ಖಾಲಿ ಮಾಡಿ ತೊಳೆಯಿರಿ. ಹೀಗೆ ಎರಡು ವಾರ ತಪ್ಪದೆ ಮಾಡಿದರೆ ಸಂಖ್ಯೆ ಇಳಿಯುವುದು ಕಣ್ಣಿಗೇ ಕಾಣುತ್ತದೆ.

ಕೆನೆ ಬಣ್ಣದ, ಕಾಲಿಲ್ಲದ, ಒಂದು ತುದಿ ಚೂಪು ಇನ್ನೊಂದು ತುದಿ ಮೊಂಡಾದ ಹುಳಗಳು ಮನೆ ನೊಣದ ಮರಿಗಳು. ಮಾಂಸ, ಮೀನು, ಹಾಲಿನ ಪದಾರ್ಥ, ಹಸಿ ಗೊಬ್ಬರ ತೆರೆದು ಬಿದ್ದಿದ್ದರೆ ಇವು ಬರುತ್ತವೆ. ಇವು ಬೇಡ, ಯಾಕೆಂದರೆ ನೊಣವಾಗಿ ಹಾರಿದ ಮೇಲೆ ನೇರ ನಿಮ್ಮ ತಟ್ಟೆಗೆ ಬಂದು ಕೂರುತ್ತವೆ. ಆ ಭಾಗವನ್ನು ರಾಶಿಯ ಬಿಸಿ ನಡುವಿಗೆ ತಿರುವಿಹಾಕಿ, ಮೇಲೆ ಒಣ ಕಸ ದಪ್ಪಗೆ ಹೊದಿಸಿ.

ಚಪ್ಪಟೆಯಾದ, ಬೂದು ಕಂದು ಬಣ್ಣದ, ತೊಗಲಿನಂಥ ಚರ್ಮದ, ಮೈತುಂಬಾ ಅಡ್ಡಗೆರೆ ಇರುವ ಸುಮಾರು 2 ಸೆಂಟಿಮೀಟರ್ ಉದ್ದದ ಹುಳ ಗುಂಪು ಗುಂಪಾಗಿ ಇದ್ದರೆ ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿ. ಸಿಪ್ಪೆ ಸಮೀಪ ಕಿವಿಯಿಟ್ಟರೆ ಮೆಲ್ಲುವ ಸಣ್ಣ ಸದ್ದು ಕೇಳುವಷ್ಟು ತಿನ್ನುತ್ತವೆ. ಬೆಳೆದ ನೊಣ ಕಪ್ಪಗೆ ಕಣಜದ ಹಾಗೆ ಕಂಡರೂ ಕಚ್ಚುವುದಿಲ್ಲ, ಮನೆಯೊಳಗಿನ ಊಟಕ್ಕೂ ಮುತ್ತುವುದಿಲ್ಲ. ಬಿಡಿ, ಇರಲಿ. ಜಾಸ್ತಿಯಾಗಿ ಕಂಡರೆ ಹಸಿ ಕಸ ಜಾಸ್ತಿ, ಒಣದ್ದು ಕಡಿಮೆ ಅಂತ ತಿಳಿದುಕೊಳ್ಳಿ.

ದಪ್ಪ ಬಿಳಿ ಮೈ, ಕಂದು ತಲೆ, ತಲೆಯ ಹತ್ತಿರ ಮಾತ್ರ ಕಾಲು, ಮುಟ್ಟಿದರೆ ಅರ್ಧಚಂದ್ರದಂತೆ ಸುರುಳಿಯಾಗುವುದು ಗೊಣ್ಣೆಹುಳ. ರಾಶಿಯೊಳಗೆ ಇದು ಕೊಳೆತದ್ದನ್ನೇ ತಿನ್ನುತ್ತದೆ. ಆದರೆ ಇವುಗಳಲ್ಲಿ ಕೆಲವು ಜಾತಿ ಬೇರು ತಿನ್ನುತ್ತವೆ. ಬರಿಗಣ್ಣಿಗೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಅದಕ್ಕೇ ಗೊಬ್ಬರವನ್ನು ಕುಂಡಕ್ಕೆ ಹಾಕುವ ಮೊದಲು ಜರಡಿ ಹಿಡಿದು ಆರಿಸಿ ತೆಗೆಯಿರಿ, ಹೊಸ ರಾಶಿಗೆ ವಾಪಸ್ ಹಾಕಿ.

ಎರೆಹುಳು, ಚೋರಟೆ ಕಂಡರೆ ಖುಷಿಪಡಿ. ಜರಿ ಮಾತ್ರ ಕಚ್ಚುತ್ತದೆ, ಬರಿಗೈ ಹಾಕಬೇಡಿ. ಸೊಳ್ಳೆ ಬಂದರೆ ರಾಶಿಯನ್ನು ಬಯ್ಯಬೇಡಿ, ಡ್ರಮ್ಮಿನ ಕೆಳಗಿನ ತಟ್ಟೆಯಲ್ಲೋ ಮುಚ್ಚಳದ ಮೇಲೋ ನೀರು ನಿಂತಿರುತ್ತದೆ.

ಲಕ್ಷಣ: ಇಲಿ, ಹೆಗ್ಗಣ, ನಾಯಿ ಕೆದಕುತ್ತಿವೆ

ರಾಶಿಯ ಬುಡದಲ್ಲಿ ಮುಷ್ಟಿ ಅಗಲದ ಬಿಲ, ಓಡಾಡಿ ನುಣುಪಾದ ದಾರಿ, ಹಿಕ್ಕೆ ಕಂಡರೆ ಅವು ಬರೀ ಬಂದು ಹೋಗುತ್ತಿಲ್ಲ, ಒಳಗೇ ಸಂಸಾರ ಹೂಡಿವೆ. ಅಲ್ಲಿ ಊಟವೂ ಇದೆ, ಬೆಚ್ಚಗೂ ಇದೆ, ಯಾರೂ ಅಲುಗಾಡಿಸುವುದೂ ಇಲ್ಲ. ಮೂರನ್ನೂ ಕಿತ್ತುಕೊಳ್ಳಬೇಕು.

ಖರ್ಚಿಲ್ಲದ್ದು ಮೊದಲು. ಮಾಂಸ, ಮೀನು, ಎಣ್ಣೆ, ಹಾಲಿನ ಪದಾರ್ಥ, ಬೇಯಿಸಿದ ಉಳಿಕೆ ಇವತ್ತಿಂದಲೇ ಬಂದ್. ವಾರಕ್ಕೊಮ್ಮೆ ರಾಶಿ ತಿರುವಿಹಾಕಿ, ಒಣಗಿದ್ದರೆ ನೀರು ಹಾಕಿ. ಗದ್ದಲ ಆಗುವ ಒದ್ದೆ ಜಾಗದಲ್ಲಿ ಅವು ಮರಿ ಹಾಕಲು ಇಷ್ಟಪಡುವುದಿಲ್ಲ. ಅಷ್ಟಕ್ಕೂ ಬಗ್ಗದಿದ್ದರೆ ತಳಕ್ಕೂ ಸುತ್ತಲೂ 1 ಸೆಂಟಿಮೀಟರಿಗಿಂತ ಸಣ್ಣ ಕಣ್ಣಿನ ಗಟ್ಟಿ ತಂತಿ ಬಲೆ ಹಾಕಿ. ಪ್ಲಾಸ್ಟಿಕ್ ಬಲೆ ಅವಕ್ಕೆ ಲೆಕ್ಕಕ್ಕೇ ಇಲ್ಲ, ಕಡಿದು ಹಾಕುತ್ತವೆ.

ರಾಶಿಯಲ್ಲಿ ಇಲಿ ಪಾಷಾಣ ಇಡಬೇಡಿ. ಅದು ಗೊಬ್ಬರಕ್ಕೂ ಸೇರುತ್ತದೆ, ಸತ್ತ ಇಲಿ ತಿಂದ ಬೆಕ್ಕು, ಗೂಬೆಗೂ ಹೋಗುತ್ತದೆ. ಇಲಿ ಇದ್ದ ಕಡೆ ಹಾವೂ ಬರುತ್ತದೆ, ಇಲಿ ಮೂತ್ರದಿಂದ ಇಲಿ ಜ್ವರವೂ ಬರಬಹುದು. ಹಾಗಾಗಿ ಇಂಥ ರಾಶಿಗೆ ಬರಿಗೈ, ಬರಿಗಾಲು ಸುತರಾಂ ಬೇಡ. ಕೈಯಲ್ಲಿ ಗಾಯ ಇದ್ದರೆ ಆ ಕೆಲಸವನ್ನು ಬೇರೆಯವರಿಗೆ ಬಿಡಿ. ಹಾವು ಕಂಡರೆ ಸಲಿಕೆ ಅಲ್ಲೇ ಇಟ್ಟು ಹಿಂದೆ ಸರಿದು, ಹಾವು ಹಿಡಿಯುವ ತರಬೇತಿ ಇರುವವರನ್ನು ಕರೆಸಿ.

ಲಕ್ಷಣ: ಬಿಳಿ ಬೂಷ್ಟು, ಬೂದಿ ಬಿದ್ದಂತೆ ಪದರ, ಅಣಬೆ

ಇದು ದೋಷವಲ್ಲ. ಬಿಸಿ ರಾಶಿಯಲ್ಲಿ ಮೇಲಿಂದ ಒಂದು ಗೇಣು ಕೆಳಗೆ ಬೂದಿ ಎರಚಿದಂತೆ ಕಾಣುವುದು ಆಕ್ಟಿನೋಮೈಸೀಟ್ಸ್ ಎಂಬ ಬ್ಯಾಕ್ಟೀರಿಯಾ. ಗಟ್ಟಿ ಕಡ್ಡಿ, ರಟ್ಟನ್ನು ಕರಗಿಸುವುದು ಅವೂ ಶಿಲೀಂಧ್ರಗಳೂ ಸೇರಿಯೇ. ತುಂಬಾ ಇದ್ದರೆ ರಾಶಿ ಸ್ವಲ್ಪ ಒಣಗಿದೆಯಾ ನೋಡಿ. ಅಣಬೆ ಎದ್ದರೆ ಅದರ ಪಾಡಿಗೆ ಬಿಡಿ, ಆದರೆ ತಿನ್ನಬೇಡಿ.

ಒಂದು ಎಚ್ಚರಿಕೆ ಇದೆ. ಒಣಗಿದ ಬೂಷ್ಟು ರಾಶಿಯನ್ನು ತಿರುವಿದಾಗ ಏಳುವ ಧೂಳಿನಲ್ಲಿ ಶಿಲೀಂಧ್ರದ ಬೀಜಕಣಗಳು ಇರುತ್ತವೆ. ಆಸ್ತಮಾ, ಶ್ವಾಸಕೋಶದ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಈ ಕೆಲಸ ಮಾಡದಿರುವುದೇ ಒಳ್ಳೆಯದು. ಬೇರೆಯವರೂ ಮೊದಲು ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡೇ ತಿರುವಿ.

ಲಕ್ಷಣ: ತಳದಿಂದ ಕಪ್ಪು ನೀರು ಸೋರುತ್ತಿದೆ

ರಾಶಿಯಲ್ಲಿ ನೀರು ಜಾಸ್ತಿಯಾಗಿದೆ, ಅಷ್ಟೇ. ಒಣ ಕಸ ಸೇರಿಸಿ. ಆ ನೀರನ್ನು ಟಾನಿಕ್ ಅಂತ ಸೊಪ್ಪಿನ ಮಡಿಗೆ ಚಿಮುಕಿಸುವವರಿದ್ದಾರೆ. ಹಾಗೆ ಮಾಡಬೇಡಿ, ಅದರಲ್ಲಿ ಕೊಳೆಯದ ಕಸದ ರೋಗಾಣು ಇರಬಹುದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಯಿಂದ ಅದನ್ನು ದೂರ ಇಡಿ. ಒಣಗಿದ ರಾಶಿಗೆ ವಾಪಸ್ ಸುರಿಯಿರಿ, ಇಲ್ಲವೇ ಚೆನ್ನಾಗಿ ನೀರು ಬೆರೆಸಿ ದೊಡ್ಡ ಮರದ ಬುಡಕ್ಕೆ ಹಾಕಿ. ನಾತವಿದ್ದರೆ ಅದೂ ಬೇಡ.

ಲಕ್ಷಣ: ಗೊಬ್ಬರ ಚೆನ್ನಾಗೇ ಕಾಣುತ್ತಿದೆ, ಹಾಕಿದ ಮೇಲೆ ಗಿಡ ಸೊರಗುತ್ತಿದೆ

ಇದು ತಡವಾಗಿ ಗೊತ್ತಾಗುವ ದೋಷ, ಅದಕ್ಕೇ ಹೆಚ್ಚು ನೋವು ಕೊಡುತ್ತದೆ. ಸಾಮಾನ್ಯ ಕಾರಣ, ಗೊಬ್ಬರ ಇನ್ನೂ ಪಕ್ವವಾಗಿಲ್ಲ. ಕಪ್ಪಗಾದ ಮಾತ್ರಕ್ಕೆ ಆಯಿತು ಅಂತಲ್ಲ. ಒಳಗೆ ಕೊಳೆಯುವ ಕೆಲಸ ಬಾಕಿ ಇದ್ದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಂಡು ಗಿಡವನ್ನು ಉಪವಾಸ ಕೆಡವುತ್ತವೆ. ಹಳೇ ಎಲೆಗಳು ಮೊದಲು ಹಳದಿಯಾಗುತ್ತವೆ. ಹುಳಿ ಆಮ್ಲಗಳು ಉಳಿದಿದ್ದರೆ ಎಳೆ ಸಸಿಯ ಬೇರು ಸುಡುತ್ತದೆ.

ಹಾಕುವ ಮುಂಚೆ ಸುಲಭದ ಪರೀಕ್ಷೆ ಇದೆ. ಒಂದು ಹಿಡಿ ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಇಡಿ. ಬಿಚ್ಚಿದಾಗ ಮಣ್ಣಿನ ವಾಸನೆಯೇ ಬಂದರೆ ಪಕ್ವ. ಹುಳಿ ಅಥವಾ ಘಾಟು ಬಂದರೆ ಇನ್ನೊಂದು ತಿಂಗಳು ಬಿಡಿ. ಇನ್ನೂ ಖಾತ್ರಿ ಬೇಕಾದರೆ ಎರಡು ಬಟ್ಟಲು ತಗೊಳ್ಳಿ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅದೇ ಮಣ್ಣಿಗೆ ಅರ್ಧ ನಿಮ್ಮ ಗೊಬ್ಬರ. ಎರಡರಲ್ಲೂ ಮೂಲಂಗಿ ಬೀಜ ಹಾಕಿ. ಗೊಬ್ಬರದ ಬಟ್ಟಲಿನಲ್ಲಿ ಕಡಿಮೆ ಹುಟ್ಟಿದರೆ, ಬೇರಿನ ತುದಿ ಕಂದಾದರೆ ಉತ್ತರ ಸಿಕ್ಕಿತು.

ಹಳದಿಯಾಗುವ ಬದಲು ಹೊಸ ಎಲೆಗಳು ಬಟ್ಟಲಿನಂತೆ ಮುದುರಿ, ಕಾಂಡ ತಿರುಚಿಕೊಂಡರೆ ಕಳೆನಾಶಕದ ಮೇಲೆ ಅನುಮಾನಪಡಿ. ಕ್ಲೋಪೈರಾಲಿಡ್, ಅಮಿನೋಪೈರಾಲಿಡ್ ಎಂಬ ಕಳೆನಾಶಕಗಳು ಹುಲ್ಲಿನಲ್ಲಿ ಉಳಿದು, ಆ ಹುಲ್ಲು ತಿಂದ ದನದ ಸಗಣಿಯಲ್ಲೂ ಉಳಿದು, ಕಾಂಪೋಸ್ಟಿನ ಬಿಸಿಗೂ ಬೇಗ ಕರಗದೆ ಬರುತ್ತವೆ. ಹುರುಳಿಕಾಯಿ, ಬಟಾಣಿ, ಟೊಮೆಟೊ ಗಿಡಗಳು ಇದಕ್ಕೆ ತೀರಾ ಸೂಕ್ಷ್ಮ. ಅದಕ್ಕೇ ಈ ಅನುಮಾನ ಇದ್ದಾಗ ಮೂಲಂಗಿ ಬದಲು ಹುರುಳಿಕಾಯಿ ಬೀಜ ಹಾಕಿ, ಎರಡು ಮೂರು ಜೊತೆ ಎಲೆ ಬರುವ ತನಕ ನೋಡಿ. ಎಲೆ ಮುದುರಿದರೆ ಆ ಗೊಬ್ಬರವನ್ನು ತರಕಾರಿ ಮಡಿಗೆ ಹಾಕಬೇಡಿ, ಯಾರಿಗೂ ಕೊಡಬೇಡಿ.

ಉಪ್ಪು ಹಾಕಿದ ಅಡುಗೆ ಉಳಿಕೆ ತುಂಬಾ ಹಾಕಿದ್ದರೆ ಎಲೆಯ ಅಂಚು ಸುಟ್ಟಂತಾಗುವುದುಂಟು. ಮೊಟ್ಟೆ ಚಿಪ್ಪು, ಕಡ್ಡಿ ತುಂಡು ಹಾಗೇ ಉಳಿದಿದ್ದರೆ ಏನೂ ತೊಂದರೆಯಿಲ್ಲ. ಹಣ್ಣಿನ ಮೇಲಿನ ಸ್ಟಿಕ್ಕರ್, ಕೆಲವು ಟೀ ಬ್ಯಾಗು ಪ್ಲಾಸ್ಟಿಕ್, ಅವು ಕೊಳೆಯುವುದೇ ಇಲ್ಲ. ಕೊಳೆಯುತ್ತದೆ ಎಂದು ಬರೆದ ಚೀಲಗಳಲ್ಲೂ ಹಲವಕ್ಕೆ ದೊಡ್ಡ ಘಟಕದ ಸತತ ಬಿಸಿ ಬೇಕು, ಮನೆ ರಾಶಿಯಲ್ಲಿ ಅವು ಚಿಂದಿಯಾಗಿ ಉಳಿಯುತ್ತವೆ.

ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಬಿಚ್ಚಿ ಒಣ ಕಸ ಬೆರೆಸಿ ಕಟ್ಟಿದ ಎರಡು ವಾರಕ್ಕೂ ನಾತ ಇಳಿಯದಿದ್ದರೆ ಹೊಸ ಹಸಿ ಕಸ ಹಾಕುವುದನ್ನು ನಿಲ್ಲಿಸಿ. ಪಕ್ಕದಲ್ಲಿ ಹೊಸ ರಾಶಿ ಶುರುಮಾಡಿ, ಹಳೆಯದನ್ನು ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಬೆರೆಸಿ. ಕೆಟ್ಟ ರಾಶಿಯ ಮೇಲೇ ಕಸ ಪೇರಿಸುತ್ತಾ ಹೋದರೆ ಅದು ಸರಿಯಾಗುವ ದಾರಿಯೇ ಇಲ್ಲ.

ನಾಯಿ, ಬೆಕ್ಕಿನ ಮಲ ರಾಶಿಗೆ ಬಿದ್ದಿದ್ದರೆ ಆ ಗೊಬ್ಬರವನ್ನು ತಿನ್ನುವ ಬೆಳೆಗೆ ಹಾಕಬೇಡಿ. ಮನೆ ರಾಶಿಯ ಬಿಸಿಗೆ ಅದರ ಪರಾವಲಂಬಿ ಮೊಟ್ಟೆಗಳು ಸಾಯುತ್ತವೆ ಅನ್ನುವ ಭರವಸೆಯಿಲ್ಲ. ಗರ್ಭಿಣಿಯರು ಬೆಕ್ಕು ಓಡಾಡುವ ರಾಶಿಯ ಕೆಲಸದಿಂದ ದೂರ ಇರುವುದು ಒಳ್ಳೆಯದು. ಕಳೆನಾಶಕದ ಅನುಮಾನ, ಮತ್ತೆ ಮತ್ತೆ ಸಸಿ ಸಾಯುವುದು ಇದ್ದರೆ ಕೃಷಿ ತಜ್ಞರಿಗೆ ಮಾದರಿ ತೋರಿಸಿ, ಊಹೆಯ ಮೇಲೆ ಔಷಧಿ ಸುರಿಯಬೇಡಿ.

ಸಲಿಕೆ ತಾಗಿ ಗಾಯವಾದರೆ ಸೋಪಿನಿಂದ ತೊಳೆದು, ಧನುರ್ವಾಯು ಚುಚ್ಚುಮದ್ದು ತಗೊಂಡು ಎಷ್ಟು ದಿನ ಆಯಿತು ಅಂತ ವೈದ್ಯರಲ್ಲಿ ಕೇಳಿ. ರಾಶಿಯಲ್ಲಿ ಕೆಲಸ ಮಾಡಿದ ಮುಂದಿನ ದಿನಗಳಲ್ಲಿ ಜ್ವರ, ಮೈಕೈ ನೋವು, ಕೆಮ್ಮು, ಉಸಿರಾಟದ ತೊಂದರೆ ಶುರುವಾದರೆ ವೈದ್ಯರ ಬಳಿ ಹೋಗಿ, ಕಾಂಪೋಸ್ಟ್ ಕೆಲಸ ಮಾಡಿದ್ದನ್ನು ಮರೆಯದೆ ಹೇಳಿ. ಇಲಿ ಜ್ವರ, ಗೊಬ್ಬರದ ಮಣ್ಣಿನಿಂದ ಬರುವ ಲೀಜಿಯೊನೆಲ್ಲಾ ಸೋಂಕು ಮೊದಮೊದಲು ಸಾಮಾನ್ಯ ಫ್ಲೂ ಥರವೇ ಕಾಣುತ್ತವೆ. ನೀವು ಹೇಳದಿದ್ದರೆ ವೈದ್ಯರಿಗೆ ಆ ಅನುಮಾನ ಬರುವುದು ಕಷ್ಟ.

ಕೊನೆಯದು ಗುಂಡಿ, ಮುಚ್ಚಿದ ತೊಟ್ಟಿಯಲ್ಲಿ ಮಾಡುವವರಿಗೆ. ಆಳದ ಗುಂಡಿಯಲ್ಲಿ ಕೊಳೆತ ಕಸ ಆಮ್ಲಜನಕವನ್ನು ತಿಂದುಹಾಕಿ ವಿಷಗಾಳಿ ತುಂಬಿರುತ್ತದೆ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗು ಅದರ ವಾಸನೆಯನ್ನೇ ಗುರುತಿಸುವುದಿಲ್ಲ. ಹಾಗಾಗಿ ನಾತ ಇಲ್ಲ ಅಂತ ಧೈರ್ಯ ಮಾಡಿ ಇಳಿಯಬೇಡಿ. ಮೇಲಿನಿಂದಲೇ ಉದ್ದ ಹಿಡಿಯ ಸಲಿಕೆಯಲ್ಲಿ ಕೆಲಸ ಮಾಡಿ. ಯಾರಾದರೂ ಒಳಗೆ ಬಿದ್ದು ಪ್ರಜ್ಞೆ ತಪ್ಪಿದರೆ ಎತ್ತಲು ಹಿಂದೆಯೇ ಇಳಿಯಬೇಡಿ, ಅಗ್ನಿಶಾಮಕ ದಳಕ್ಕೆ ತಕ್ಷಣ ಫೋನ್ ಮಾಡಿ.